ಕಿಡ್ನಿ ಕಲ್ಲಿನ ಧಾತು ನಕ್ಷೆಯನ್ನು ಲೇಸರ್‌ನಿಂದ ತೆಗೆಯುವುದು ಹೇಗೆ: ಹಂತ ಹಂತವಾಗಿ

"ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಲೇಸರ್ ಇದೆ, ಸ್ಪೆಕ್ಟ್ರೋಮೀಟರ್ ಇದೆ, ಮೆಡಿಕಲ್ ಕಾಲೇಜಿನವರು ಸ್ಯಾಂಪಲ್ ಕೊಡ್ತಾರೆ. ಯಾವ ಧಾತು ಎಲ್ಲಿದೆ ಅಂತ ಬಣ್ಣದ ಚಿತ್ರ ತೆಗೆಯೋದು ಹೇಗೆ?" ಈ ಪ್ರಶ್ನೆ ಕೇಳುವವರು ಜಾಸ್ತಿಯಾಗಿದ್ದಾರೆ. ಎಂಎಸ್ಸಿ ಪ್ರಾಜೆಕ್ಟ್ ಮಾಡುವವರು, ಪಿಎಚ್‌ಡಿಗೆ ಹೊಸದಾಗಿ ಸೇರಿದವರು, ಕೆಲವು ಪೆಥಾಲಜಿ ಡಾಕ್ಟರುಗಳು ಕೂಡ ಕೇಳುತ್ತಾರೆ. ಬಿಡಿಬಿಡಿಯಾಗಿ ಉತ್ತರ ಬರೆಯುವುದಕ್ಕಿಂತ ಒಂದು ಸಲ ಪೂರ್ತಿ ಬರೆಯುತ್ತೇನೆ.

ಮೊದಲ ಸ್ಯಾಂಪಲ್ ಆಗಿ ಕಿಡ್ನಿ ಕಲ್ಲನ್ನೇ ತೆಗೆದುಕೊಳ್ಳಿ ಎಂಬುದು ನನ್ನ ಸಲಹೆ. ಅದು ಗಟ್ಟಿ, ಹಾಳಾಗುವುದಿಲ್ಲ, ಒಳಗೆ ಧಾತುಗಳು ಧಾರಾಳವಾಗಿವೆ, ಉತ್ತರಕ್ಕೆ ವೈದ್ಯಕೀಯ ಅರ್ಥವೂ ಇದೆ. ಅಂಗಾಂಶದ, ಅಂದರೆ ಟಿಶ್ಯೂನ, ಕೆಲಸ ಇದಕ್ಕಿಂತ ನಾಜೂಕು. ಅದರ ಬಗ್ಗೆ ಕೊನೆಯಲ್ಲಿ ಬರೆದಿದ್ದೇನೆ.

ಇಲ್ಲಿ ಬಳಸುವ ವಿಧಾನದ ಹೆಸರು ಲಿಬ್ಸ್ (LIBS), ಅಂದರೆ ಲೇಸರ್ ಇಂಡ್ಯೂಸ್ಡ್ ಬ್ರೇಕ್‌ಡೌನ್ ಸ್ಪೆಕ್ಟ್ರೋಸ್ಕೋಪಿ. ಲೇಸರ್ ಪಲ್ಸ್ ಒಂದನ್ನು ಸಣ್ಣ ಚುಕ್ಕೆಯ ಮೇಲೆ ಬಿಟ್ಟರೆ ಅಲ್ಲಿನ ವಸ್ತು ಆವಿಯಾಗಿ ಪ್ಲಾಸ್ಮಾ ಆಗುತ್ತದೆ. ಪ್ಲಾಸ್ಮಾ ಎಂದರೆ ಪರಮಾಣುಗಳೂ ಅಯಾನುಗಳೂ ಎಲೆಕ್ಟ್ರಾನುಗಳೂ ಬೆರೆತ ಬಿಸಿ ಅನಿಲ. ಅದರ ಉಷ್ಣತೆ ಸುಮಾರು 10,000 ಕೆಲ್ವಿನ್. ಅದು ತಣ್ಣಗಾಗುವಾಗ ಪ್ರತಿ ಧಾತುವೂ ತನ್ನದೇ ತರಂಗಾಂತರಗಳಲ್ಲಿ ಬೆಳಕು ಬಿಡುತ್ತದೆ. ಆ ಬೆಳಕಿನ ಗೆರೆಗಳನ್ನು ಸ್ಪೆಕ್ಟ್ರೋಮೀಟರ್‌ನಲ್ಲಿ ಹಿಡಿಯುತ್ತೇವೆ. ಸ್ಯಾಂಪಲ್ಲನ್ನು ಸ್ವಲ್ಪ ಸರಿಸಿ ಮತ್ತೊಂದು ಪಲ್ಸ್, ಮತ್ತೆ ಸರಿಸಿ ಇನ್ನೊಂದು. ಚುಕ್ಕೆ ಚುಕ್ಕೆ ಸೇರಿ ನಕ್ಷೆ ಆಗುತ್ತದೆ. 2023ರ ಆಗಸ್ಟಿನಲ್ಲಿ ಚಂದ್ರನ ದಕ್ಷಿಣ ಭಾಗದಲ್ಲಿ ಗಂಧಕ ಇದೆ ಎಂದು ಪ್ರಜ್ಞಾನ್ ರೋವರ್ ಪತ್ತೆ ಮಾಡಿದ್ದು ಇದೇ ವಿಧಾನದಿಂದ. ಆ ಉಪಕರಣ ತಯಾರಾದದ್ದು ನಮ್ಮ ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋದ ಲಿಯೋಸ್ ಪ್ರಯೋಗಾಲಯದಲ್ಲಿ. ಮಣಿಪಾಲದಲ್ಲೂ ವರ್ಷಗಳಿಂದ ಲಿಬ್ಸ್ ಸಂಶೋಧನೆ ನಡೆಯುತ್ತಿದೆ. ಪಿತ್ತಕೋಶದ ಕಲ್ಲುಗಳ ಮೇಲೆ ಅಲಹಾಬಾದ್ ವಿಶ್ವವಿದ್ಯಾಲಯದವರು ಇದನ್ನು ಬಳಸಿದ್ದಾರೆ. ಹಾಗಾಗಿ ಇದು ಎಲ್ಲೋ ದೂರದ ವಿದ್ಯೆ ಎಂದುಕೊಳ್ಳಬೇಡಿ.

ಶುರು ಮಾಡುವ ಮುಂಚೆ: ನಕ್ಷೆ ಬೇಕೇ ಬೇಕಾ?

ಕಲ್ಲಿನಲ್ಲಿ ಒಟ್ಟು ಎಷ್ಟು ಕ್ಯಾಲ್ಸಿಯಂ ಇದೆ ಎಂಬುದಷ್ಟೇ ನಿಮ್ಮ ಪ್ರಶ್ನೆಯಾದರೆ ನಕ್ಷೆ ಬೇಡ. ಪುಡಿ ಮಾಡಿ, ಆಮ್ಲದಲ್ಲಿ ಕರಗಿಸಿ ಅಳೆಯಿರಿ. ಅದೇ ಹೆಚ್ಚು ನಿಖರ. ಪುಡಿ ಮಾಡಿದರೆ ಸಿಗುವುದು ಸರಾಸರಿ. ಆದರೆ ಕಲ್ಲಿನ ಕಥೆ ಇರುವುದು ಅದರ ಪದರಗಳಲ್ಲಿ. ಈರುಳ್ಳಿಯ ಹಾಗೆ ಪದರದ ಮೇಲೆ ಪದರ ಬೆಳೆದಿರುತ್ತದೆ. ನಡುವೆ ಏನಿದೆ, ಹೊರಗೆ ಏನಿದೆ, ಎಲ್ಲಿ ಬದಲಾಯಿತು ಎಂಬುದು ತಿಳಿಯಬೇಕಾದರೆ ಮಾತ್ರ ನಕ್ಷೆ. ಈ ಇಡೀ ಕೆಲಸದಲ್ಲಿ ನೀವು ಕಾಪಾಡಿಕೊಳ್ಳಬೇಕಾದದ್ದು "ಎಲ್ಲಿ" ಎಂಬ ಮಾಹಿತಿಯನ್ನು. ಮುಂದೆ ಹೇಳುವ ಎಚ್ಚರಿಕೆಗಳೆಲ್ಲ ಹೆಚ್ಚುಕಡಿಮೆ ಅದಕ್ಕಾಗಿಯೇ.

ಲಿಬ್ಸ್‌ಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದೂ ಗೊತ್ತಿರಲಿ. ಲಿಥಿಯಂ, ಕಾರ್ಬನ್, ಸೋಡಿಯಂನಂಥ ಹಗುರ ಧಾತುಗಳು ಇದರಲ್ಲಿ ಸುಲಭ. ಎಕ್ಸ್-ರೇ ವಿಧಾನಗಳು ಒದ್ದಾಡುವುದು ಅಲ್ಲೇ. ಕ್ಲೋರಿನ್, ಗಂಧಕ, ಫ್ಲೋರಿನ್ ಇದಕ್ಕೆ ಕಷ್ಟ. ಕೋಲಾರ, ಪಾವಗಡದ ಕಡೆಯ ಫ್ಲೋರೋಸಿಸ್ ಹಲ್ಲುಗಳ ಬಗ್ಗೆ ಕೇಳಿದವರಿಗೆ ಒಂದು ದಾರಿ ಹೇಳುತ್ತೇನೆ: ಫ್ಲೋರಿನ್‌ನ ಸ್ವಂತ ಗೆರೆಗೆ ಜೋತು ಬೀಳಬೇಡಿ. ಕ್ಯಾಲ್ಸಿಯಂ ಜೊತೆ ಸೇರಿ ಅದು ಪ್ಲಾಸ್ಮಾದಲ್ಲಿ ಕ್ಯಾಲ್ಸಿಯಂ ಮಾನೋಫ್ಲೋರೈಡ್ (CaF) ಅಣು ಆಗುತ್ತದೆ, ಆ ಅಣು 529ರಿಂದ 543 ನ್ಯಾನೋಮೀಟರ್ ನಡುವೆ ಹಸಿರು ಪಟ್ಟಿಯೊಂದನ್ನು ಕೊಡುತ್ತದೆ, ಅದನ್ನು ನೋಡಿ. ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತ ತುಂಬಾ ಕಡಿಮೆ ಇರುವ ಧಾತು ಬೇಕೆಂದರೆ ಲೇಸರ್ ಅಬ್ಲೇಷನ್ ಐಸಿಪಿ-ಎಂಎಸ್ ಇರುವ ಲ್ಯಾಬ್ ಹುಡುಕಿ. ಅದರಲ್ಲಿ ಲೇಸರ್ ಕಿತ್ತ ಕಣಗಳನ್ನು ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಕಳಿಸಿ ತೂಕದ ಮೇಲೆ ಗುರುತಿಸುತ್ತಾರೆ.

ಬೇಕಾಗುವ ಸಾಮಾನು

ನ್ಯಾನೋಸೆಕೆಂಡ್ ಪಲ್ಸಿನ ಎನ್‌ಡಿ-ಯಾಗ್ ಲೇಸರ್ (1064 ನ್ಯಾನೋಮೀಟರ್, ಇದ್ದರೆ 266), ಎರಡು ದಿಕ್ಕಿಗೂ ಮೋಟಾರಿನಿಂದ ಸರಿಯುವ ಸ್ಟೇಜ್, ಫೋಕಸ್ ಲೆನ್ಸ್, ಫೈಬರ್, ಸ್ಪೆಕ್ಟ್ರೋಮೀಟರ್, ಗೇಟ್ ಇರುವ ಕ್ಯಾಮೆರಾ, ಪಲ್ಸ್‌ಗಳ ಸಮಯ ಹೊಂದಿಸುವ ಡಿಲೇ ಜನರೇಟರ್, ಆರ್ಗಾನ್ ಸಿಲಿಂಡರ್. ಜೊತೆಗೆ ಮಾಮೂಲಿ ಮೈಕ್ರೋಸ್ಕೋಪ್, ಎಪಾಕ್ಸಿ ರೆಸಿನ್, ನಿಧಾನ ತಿರುಗುವ ಡೈಮಂಡ್ ಗರಗಸ.

ಇವೆಲ್ಲಕ್ಕಿಂತ ಮುಂಚೆ ಕಣ್ಣು. 1064 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿನ ಲೆನ್ಸ್ ಅದನ್ನು ನೇರವಾಗಿ ರೆಟಿನಾ ಮೇಲೆ ಚುಕ್ಕೆ ಮಾಡಿ ಕೂರಿಸುತ್ತದೆ. ಕಾಣದ್ದರಿಂದ ರೆಪ್ಪೆ ತಾನಾಗಿ ಮುಚ್ಚುವುದೂ ಇಲ್ಲ. ಗಾಗಲ್ ಮೇಲೆ ನಿಮ್ಮ ಲೇಸರಿನ ತರಂಗಾಂತರ ಬರೆದಿರಬೇಕು, ಪಕ್ಕದಲ್ಲಿ ಓಡಿ (OD, ಆಪ್ಟಿಕಲ್ ಡೆನ್ಸಿಟಿ) ಸಂಖ್ಯೆ ಇರಬೇಕು. ಓಡಿ 6 ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು ಬೆಳಕು ಮಾತ್ರ ಒಳಗೆ ಬರುತ್ತದೆ. 532ರ ಗಾಗಲ್ ಹಾಕಿಕೊಂಡು 1064ರ ಮುಂದೆ ನಿಲ್ಲಬೇಡಿ. ಉಂಗುರ, ವಾಚು ಬಿಚ್ಚಿಡಿ. ಬೀಮ್ ಇರುವ ಎತ್ತರಕ್ಕೆ ಕಣ್ಣು ತರುವ ಹಾಗೆ ಬಗ್ಗಬೇಡಿ. ಹೊಗೆ ಎಳೆಯುವ ಎಕ್ಸಾಸ್ಟ್ ಸ್ಯಾಂಪಲ್ ಪಕ್ಕದಲ್ಲೇ ಇರಲಿ, ಏಕೆಂದರೆ ಹಾರುವ ಪುಡಿ ಮನುಷ್ಯನ ದೇಹದಿಂದ ಬಂದದ್ದು.

ಮನುಷ್ಯರ ಸ್ಯಾಂಪಲ್ ಆದ್ದರಿಂದ ಸಂಸ್ಥೆಯ ಎಥಿಕ್ಸ್ ಕಮಿಟಿಯ ಒಪ್ಪಿಗೆ ಮೊದಲೇ ಬೇಕು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಓದಿಕೊಳ್ಳಿ. ಡಬ್ಬಿಯ ಮೇಲೆ ರೋಗಿಯ ಹೆಸರು ಇರಬಾರದು, ಕೋಡ್ ನಂಬರ್ ಮಾತ್ರ. "ಇದು ಬಿಸಾಡುವ ಕಲ್ಲು ತಾನೇ" ಎಂದು ಯಾರಾದರೂ ಹೇಳಿದರೂ ಕಾಗದ ಇಲ್ಲದೆ ಮುಟ್ಟಬೇಡಿ.

ಹಂತ 1. ಸರಿಯಾದ ಕಲ್ಲು ಕೇಳಿ ತೆಗೆದುಕೊಳ್ಳಿ

ಆಪರೇಷನ್ನಿನಲ್ಲಿ ಲೇಸರ್‌ನಿಂದ ಪುಡಿ ಮಾಡಿ ತೆಗೆದ ಕಲ್ಲು ನಕ್ಷೆಗೆ ಬಾರದು. ತಾನಾಗಿ ಹೊರಬಂದ ಇಡೀ ಕಲ್ಲು, ಇಲ್ಲವೇ ದೊಡ್ಡ ತುಂಡಾಗಿ ತೆಗೆದದ್ದು ಬೇಕು ಎಂದು ಯೂರಾಲಜಿಯವರಿಗೆ ಮೊದಲೇ ಹೇಳಿ. ಇನ್ನೊಂದು ಮುಖ್ಯ ಮಾತು: ಫಾರ್ಮಾಲಿನ್‌ನಲ್ಲಿ ಹಾಕಿ ಕಳಿಸಬೇಡಿ ಎಂದು ಹೇಳಿ. ಆಸ್ಪತ್ರೆಯಲ್ಲಿ ಏನೇ ತೆಗೆದರೂ ಫಾರ್ಮಾಲಿನ್‌ಗೆ ಹಾಕುವುದು ಅಭ್ಯಾಸ. ಆದರೆ ಅಲ್ಲಿ ಬಳಸುವ ಬಫರ್ಡ್ ಫಾರ್ಮಾಲಿನ್‌ನಲ್ಲಿ ಸೋಡಿಯಂ ಫಾಸ್ಫೇಟ್ ಇರುತ್ತದೆ. ಆಮೇಲೆ ಕಾಣುವ ರಂಜಕ ಕಲ್ಲಿನದ್ದೋ ದ್ರಾವಣದ್ದೋ ಹೇಳುವುದಕ್ಕೆ ಆಗುವುದಿಲ್ಲ. ಒಣ ಡಬ್ಬಿ ಸಾಕು.

ಬಂದ ಕಲ್ಲನ್ನು ಡಿಸ್ಟಿಲ್ಡ್ ನೀರಿನಲ್ಲಿ ಒಂದು ಸಲ ಬೇಗ ತೊಳೆದು ರೂಮಿನ ಶಾಖದಲ್ಲೇ ಒಣಗಿಸಿ. ಬೇಗ ಆಗಲಿ ಎಂದು ಓವನ್‌ಗೆ ಹಾಕಬೇಡಿ. ಸ್ಟ್ರೂವೈಟ್ ಎಂಬ ಜಾತಿಯ ಕಲ್ಲು, ಅಂದರೆ ಮೆಗ್ನೀಸಿಯಂ ಅಮೋನಿಯಂ ಫಾಸ್ಫೇಟ್, ಬಿಸಿಗೆ ನೀರನ್ನೂ ಅಮೋನಿಯಾವನ್ನೂ ಬಿಟ್ಟು ಒಡೆಯುತ್ತದೆ.

ಹಂತ 2. ಕತ್ತರಿಸಿ, ಸಮತಟ್ಟು ಮಾಡಿ

ಕಲ್ಲನ್ನು ಎಪಾಕ್ಸಿಯಲ್ಲಿ ಕೂರಿಸಿ, ಗಟ್ಟಿಯಾದ ಮೇಲೆ ನಡುವಿಗೆ ಕತ್ತರಿಸಿ. ನಡು ತಪ್ಪಿದರೆ ಕಲ್ಲು ಶುರುವಾದ ಜಾಗವೇ ತಪ್ಪಿಹೋಗುತ್ತದೆ. ಕತ್ತರಿಸುವ ಮುಂಚೆ ಕಲ್ಲು ಕಿಡ್ನಿಗೆ ಅಂಟಿಕೊಂಡಿದ್ದ ಕಡೆ ಸಣ್ಣ ತಗ್ಗು ಇದೆಯಾ ಎಂದು ಮೈಕ್ರೋಸ್ಕೋಪಿನಲ್ಲಿ ನೋಡಿ. ಇದ್ದರೆ ಕಟ್ ಅದರ ಮೂಲಕ ಹಾಯಲಿ. ಗರಗಸಕ್ಕೆ ತಂಪು ಮಾಡಲು ನೀರಿನ ಬದಲು ಎಥನಾಲ್ ಒಳ್ಳೆಯದು. ಬೆಂಕಿಯಿಂದ ದೂರ ಇಡಿ.

ಪಾಲಿಶ್ ಮಾಡುವಾಗ ಜಾಸ್ತಿ ಜನ ಎಡವುತ್ತಾರೆ. ಸಿಲಿಕಾನ್ ಕಾರ್ಬೈಡ್ ಪೇಪರಿನಿಂದ ತಿಕ್ಕಿದರೆ ಸಿಲಿಕಾನ್ ಉಳಿಯುತ್ತದೆ. ಅಲ್ಯೂಮಿನಾ ಪುಡಿಯಿಂದ ತಿಕ್ಕಿದರೆ ಅಲ್ಯೂಮಿನಿಯಂ ಉಳಿಯುತ್ತದೆ. ಅದು ಕಲ್ಲಿನ ಬಿರುಕಿನಲ್ಲಿ, ಪದರಗಳ ನಡುವಿನ ಸಂದಿಯಲ್ಲಿ ಹೋಗಿ ಕೂರುತ್ತದೆ. ನಕ್ಷೆಯಲ್ಲಿ ಎಷ್ಟು ಚೆಂದದ ಉಂಗುರವಾಗಿ ಕಾಣುತ್ತದೆಂದರೆ "ಪದರಗಳ ನಡುವೆ ಸಿಲಿಕಾನ್ ಸೇರಿಕೊಂಡಿದೆ" ಎಂದು ನಂಬಿಬಿಡುತ್ತೀರಿ. ಯಾವ ಧಾತುವನ್ನು ಹುಡುಕುತ್ತಿದ್ದೀರೋ ಅದು ಇಲ್ಲದ ವಸ್ತುವಿನಿಂದ ಪಾಲಿಶ್ ಮಾಡಿ. ಬಳಸಿದ ಪೇಪರಿನ ಒಂದು ತುಂಡಿಗೂ, ಖಾಲಿ ಎಪಾಕ್ಸಿಗೂ ಲೇಸರ್ ಹೊಡೆದು ಆ ಸ್ಪೆಕ್ಟ್ರಮ್‌ಗಳನ್ನು ಇಟ್ಟುಕೊಳ್ಳಿ. ಈ ಎರಡು ಫೈಲುಗಳು ಮುಂದೆ ಎಷ್ಟೋ ವಾದಗಳನ್ನು ತೀರಿಸುತ್ತವೆ.

ಹಂತ 3. ಚುಕ್ಕೆ ಎಷ್ಟು ದೊಡ್ಡದು ಎಂದು ಅಳೆಯಿರಿ

ನಕ್ಷೆಯ ಸೂಕ್ಷ್ಮತೆ ಸ್ಟೇಜಿನಿಂದ ಬರುವುದಿಲ್ಲ, ಲೇಸರ್ ಮಾಡುವ ಗುಳಿಯಿಂದ ಬರುತ್ತದೆ. ಕಲ್ಲಿನ ಒಂದು ಮೂಲೆಯಲ್ಲಿ ಬೇರೆ ಬೇರೆ ಶಕ್ತಿಯಲ್ಲಿ ಒಂದೊಂದು ಪಲ್ಸ್ ಬಿಟ್ಟು ಗುಳಿಗಳ ಅಗಲವನ್ನು ಮೈಕ್ರೋಸ್ಕೋಪಿನಲ್ಲಿ ಅಳೆಯಿರಿ. ಗುಳಿ 80 ಮೈಕ್ರಾನ್ ಇದ್ದಾಗ ಸ್ಟೇಜನ್ನು 10 ಮೈಕ್ರಾನ್ ಸರಿಸಿದರೆ 10 ಮೈಕ್ರಾನ್ ನಕ್ಷೆ ಸಿಗುವುದಿಲ್ಲ. ಒಂದರ ಮೇಲೊಂದು ಗುಳಿ ಬಿದ್ದು ಕಲಸಿಹೋಗುತ್ತದೆ. ಹೆಜ್ಜೆ ಗುಳಿಗಿಂತ ಸ್ವಲ್ಪ ದೊಡ್ಡದಿರಲಿ.

ಫೋಕಸ್ಸನ್ನು ಮೇಲ್ಮೈಗಿಂತ ಕೂದಲೆಳೆ ಕೆಳಗೆ ಇಡಿ. ಮೇಲೆ ಇಟ್ಟರೆ ಗಾಳಿಯೇ ಸಿಡಿಯುತ್ತದೆ. ಕೆಲವು ದಿನ ಕೂತರೆ ಕಿವಿಗೇ ಗೊತ್ತಾಗುತ್ತದೆ: ಸರಿಯಾದ ಫೋಕಸ್‌ನಲ್ಲಿ ಪ್ರತಿ ಪಲ್ಸಿಗೂ ಗಟ್ಟಿಯಾದ, ಒಂದೇ ತೆರನಾದ ಟಕ್ ಟಕ್ ಸದ್ದು ಬರುತ್ತದೆ. ಸ್ಯಾಂಪಲ್ ಓರೆಯಾಗಿದ್ದರೆ ಸಾಲಿನ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಸದ್ದು ಮೆತ್ತಗಾಗುತ್ತದೆ. ಆಗಲೇ ನಿಲ್ಲಿಸಿ, ಲೆವೆಲ್ ಸರಿ ಮಾಡಿ. ಆ ಓರೆ ನಕ್ಷೆಯಲ್ಲಿ "ಎಡಗಡೆ ಕ್ಯಾಲ್ಸಿಯಂ ಜಾಸ್ತಿ, ಬಲಗಡೆ ಕಡಿಮೆ" ಎಂದು ಕಾಣುತ್ತದೆ.

ಹಂತ 4. ಗೇಟ್ ಮತ್ತು ಗೆರೆಗಳು

ಪ್ಲಾಸ್ಮಾ ಹುಟ್ಟಿದ ಕೂಡಲೇ ಎಲ್ಲಾ ತರಂಗಾಂತರದಲ್ಲೂ ಬಿಳಿ ಬೆಳಕು ಸುರಿಸುತ್ತದೆ, ಅದರಲ್ಲಿ ಗೆರೆಗಳು ಮುಳುಗಿರುತ್ತವೆ. ಆದ್ದರಿಂದ ಕ್ಯಾಮೆರಾವನ್ನು ಸ್ವಲ್ಪ ತಡವಾಗಿ ತೆರೆಯುತ್ತೇವೆ. ಈ ತಡಕ್ಕೆ ಡಿಲೇ ಎಂದೂ, ತೆರೆದಿರುವ ಸಮಯಕ್ಕೆ ಗೇಟ್ ಎಂದೂ ಹೆಸರು. 1 ಮೈಕ್ರೋಸೆಕೆಂಡ್ ಡಿಲೇ, ಕೆಲವು ಮೈಕ್ರೋಸೆಕೆಂಡ್ ಗೇಟ್‌ನಿಂದ ಶುರು ಮಾಡಿ. ಆಮೇಲೆ ನಿಮಗೆ ಬೇಕಾದ ಗೆರೆಯ ಎತ್ತರವನ್ನು ಹಿನ್ನೆಲೆಯ ಏರಿಳಿತದಿಂದ ಭಾಗಿಸಿ ನೋಡುತ್ತಾ ಹೊಂದಿಸಿ. ಒಮ್ಮೆ ಹೊಂದಿಸಿದ ಮೇಲೆ ಇಡೀ ಪ್ರಾಜೆಕ್ಟ್ ಮುಗಿಯುವವರೆಗೆ ಬದಲಿಸಬೇಡಿ.

ತರಂಗಾಂತರದ ಅಳತೆಪಟ್ಟಿ ಸರಿಯಿದೆಯಾ ಎಂದು ಮರ್ಕ್ಯುರಿ-ಆರ್ಗಾನ್ ದೀಪದಿಂದ ಪರೀಕ್ಷಿಸಿ (253.65, 435.83, 546.07 ನ್ಯಾನೋಮೀಟರ್ ಗೆರೆಗಳು). ಕಲ್ಲಿಗೆ ಬೇಕಾಗುವ ಗೆರೆಗಳು ಇವು: ಕಾರ್ಬನ್ 247.86, ಮೆಗ್ನೀಸಿಯಂ 279.55, 280.27 ಮತ್ತು 285.21, ಸ್ಟ್ರಾನ್ಷಿಯಂ 407.77 ಮತ್ತು 421.55, ಸೋಡಿಯಂ 589.00 ಮತ್ತು 589.59. ಕ್ಯಾಲ್ಸಿಯಂಗೆ ಎಲ್ಲರೂ 393.37 ಮತ್ತು 396.85 ಹಿಡಿಯುತ್ತಾರೆ. ಟಿಶ್ಯೂಗೆ ಅದು ಸರಿ. ಕಲ್ಲಿಗೆ ಬೇಡ. ಕಲ್ಲಿನಲ್ಲಿ ಕ್ಯಾಲ್ಸಿಯಂ ಎಷ್ಟು ಜಾಸ್ತಿಯೆಂದರೆ ಪ್ಲಾಸ್ಮಾದ ಒಳಗಿನಿಂದ ಬಂದ ಬೆಳಕನ್ನು ಹೊರಪದರದ ಕ್ಯಾಲ್ಸಿಯಂ ಅಯಾನುಗಳೇ ನುಂಗಿಬಿಡುತ್ತವೆ. ಇದಕ್ಕೆ ಸ್ವಯಂ-ಹೀರಿಕೆ ಎನ್ನುತ್ತಾರೆ. ಗೆರೆಯ ನೆತ್ತಿ ಚಪ್ಪಟೆಯಾಗುತ್ತದೆ, ಕೆಲವೊಮ್ಮೆ ನಡುವೆ ತಗ್ಗು ಬೀಳುತ್ತದೆ. ಹಾಗಾದಾಗ ಕ್ಯಾಲ್ಸಿಯಂ ಹೆಚ್ಚಿರುವ ಪದರವೂ ಕಡಿಮೆಯಿರುವ ಪದರವೂ ಒಂದೇ ಬಣ್ಣಕ್ಕೆ ಬರುತ್ತವೆ. 315.89 ಅಥವಾ 317.93 ಗೆರೆ ಬಳಸಿ.

ರಂಜಕದ ಬಗ್ಗೆ ವಿಶೇಷ ಎಚ್ಚರ ಬೇಕು. 213.62ರಲ್ಲಿ ಅದರ ಒಳ್ಳೆಯ ಗೆರೆ ಇದೆ, ಆದರೆ ಪಕ್ಕದ 213.86ರಲ್ಲಿ ಸತು ಇದೆ, 213.60ರಲ್ಲಿ ತಾಮ್ರ ಇದೆ. 253.56ರ ಗೆರೆ ತೆಗೆದುಕೊಂಡರೆ ಅಲ್ಲಿ ಕಬ್ಬಿಣ ಕಾದಿರುತ್ತದೆ. ಒಂದೇ ಗೆರೆ ನೋಡಿ ಯಾವ ಧಾತುವನ್ನೂ ಘೋಷಿಸಬೇಡಿ, ಕನಿಷ್ಠ ಎರಡು ಗೆರೆ ಬೇಕು. ರಂಜಕದ ಬೆಳಕೂ ಮಂದ. ಆದ್ದರಿಂದ ನಕ್ಷೆ ಕಪ್ಪಾಗಿದ್ದರೆ ರಂಜಕ ಇಲ್ಲ ಎಂದಲ್ಲ, ನಿಮ್ಮ ಉಪಕರಣಕ್ಕೆ ಕಾಣಲಿಲ್ಲ ಎಂದಷ್ಟೇ. ಹೈಡ್ರಾಕ್ಸಿಅಪಟೈಟ್ (ರಂಜಕ ಇರುವ ಒಂದು ಕ್ಯಾಲ್ಸಿಯಂ ಫಾಸ್ಫೇಟ್) ಪುಡಿಯನ್ನು ಒತ್ತಿ ಬಿಲ್ಲೆ ಮಾಡಿ, ಮೊದಲು ಅದರಲ್ಲಿ ರಂಜಕ ಕಾಣುತ್ತದಾ ನೋಡಿ.

ಹಂತ 5. ಸಮಯದ ಲೆಕ್ಕ ಹಾಕಿ ಸ್ಕ್ಯಾನ್ ಮಾಡಿ

8 ಮಿಲಿಮೀಟರ್ ಉದ್ದ, 6 ಮಿಲಿಮೀಟರ್ ಅಗಲದ ಕಲ್ಲು ಎಂದುಕೊಳ್ಳಿ. 100 ಮೈಕ್ರಾನ್ ಹೆಜ್ಜೆಗೆ 4,800 ಚುಕ್ಕೆ. ಸೆಕೆಂಡಿಗೆ 10 ಪಲ್ಸ್ ಕೊಡುವ ಲೇಸರ್‌ಗೆ 8 ನಿಮಿಷ. ಹೆಜ್ಜೆಯನ್ನು 50ಕ್ಕೆ ಇಳಿಸಿದರೆ 32 ನಿಮಿಷ, 25ಕ್ಕೆ ಇಳಿಸಿದರೆ 2 ಗಂಟೆ 8 ನಿಮಿಷ. ಹೆಜ್ಜೆ ಅರ್ಧವಾದರೆ ಸಮಯ ನಾಲ್ಕು ಪಟ್ಟು. ಮೊದಲು ದೊಡ್ಡ ಹೆಜ್ಜೆಯಲ್ಲಿ ಬೇಗ ಒಂದು ನೋಟ ತೆಗೆದು, ಆಮೇಲೆ ಕುತೂಹಲ ಇರುವ ಜಾಗಕ್ಕೆ ಮಾತ್ರ ಸಣ್ಣ ಹೆಜ್ಜೆ ಇಡಿ.

ಲೇಸರ್ ಆನ್ ಮಾಡಿ ಅರ್ಧ ಗಂಟೆ ಬಿಟ್ಟು ಕೆಲಸ ಶುರು ಮಾಡಿ. ಸ್ಯಾಂಪಲ್ ಮೇಲೆ ಆರ್ಗಾನ್ ಹದವಾಗಿ ಹರಿಯಲಿ. ಗೆರೆಗಳು ಪ್ರಕಾಶವಾಗುತ್ತವೆ, ಎದ್ದ ದೂಳು ಪಕ್ಕದ ಚುಕ್ಕೆಯ ಮೇಲೆ ಬೀಳದೆ ಹಾರಿಹೋಗುತ್ತದೆ. ಸ್ಕ್ಯಾನ್ ದೂಳು ಹಾರುವ ದಿಕ್ಕಿಗೆ ಎದುರಾಗಿ ಸಾಗಲಿ. ಆಗ ದೂಳು ಬೀಳುವುದು ಈಗಾಗಲೇ ಓದಿ ಮುಗಿದ ಜಾಗದ ಮೇಲೆ. ಇಡೀ ಜಾಗಕ್ಕೆ ಒಂದು ಸುತ್ತು ಸುಮ್ನೆ ಹೊಡೆದು ಮೇಲಿನ ಕೊಳೆ ತೆಗೆದು, ಎರಡನೇ ಸುತ್ತಿನ ಡೇಟಾ ಮಾತ್ರ ಬಳಸುವುದು ಗಟ್ಟಿ ಸ್ಯಾಂಪಲ್‌ಗಳಿಗೆ ಒಳ್ಳೆಯ ಪದ್ಧತಿ. ಶುರುವಿನಲ್ಲೂ ಕೊನೆಯಲ್ಲೂ ಅದೇ ಒಂದು ಬಿಲ್ಲೆಗೆ ಹೊಡೆದು ಹೋಲಿಸಿದರೆ ಲೇಸರ್ ಸೊರಗಿದೆಯಾ ಎಂದು ತಿಳಿಯುತ್ತದೆ.

ಒಂದು ಪಲ್ಸ್ ತಪ್ಪಿದರೂ ಅಲ್ಲಿಂದ ಮುಂದಿನ ಚುಕ್ಕೆಗಳೆಲ್ಲ ಒಂದೊಂದು ಮನೆ ಜರುಗುತ್ತವೆ. ಪದರಗಳ ಅಂಚು ಗರಗಸದ ಹಲ್ಲಿನ ಹಾಗೆ ಕಂಡರೆ ಇದೇ ಕಾರಣ ಇರಬಹುದು. ಸ್ಯಾಂಪಲ್ ಪಕ್ಕ ಎಪಾಕ್ಸಿಯಲ್ಲಿ ತಾಮ್ರದ ತಂತಿಯ ಚೂರೊಂದನ್ನು ನೇರವಾಗಿ ಹೂತಿಡಿ. ನಕ್ಷೆಯಲ್ಲಿ ತಂತಿ ನೇರವಾಗಿ ಬಂದರೆ ಸರಿ. ತಾಮ್ರವನ್ನೇ ಹುಡುಕುತ್ತಿದ್ದರೆ ಬೇರೆ ಲೋಹ ಇಡಿ.

ಹಂತ 6. ಚಿತ್ರ ಮಾಡುವುದು

ಪ್ರತಿ ಗೆರೆಯ ಎರಡೂ ಪಕ್ಕದ ಹಿನ್ನೆಲೆಯನ್ನು ಕಳೆದು, ಉಳಿದ ವಿಸ್ತೀರ್ಣವನ್ನು ಆ ಚುಕ್ಕೆಯ ಬೆಲೆ ಎಂದು ತೆಗೆದುಕೊಳ್ಳಿ. ಹಿನ್ನೆಲೆ ಕಳೆಯದಿದ್ದರೆ ಎಲ್ಲಾ ಧಾತುಗಳ ನಕ್ಷೆಯೂ ಒಂದೇ ಥರ ಕಾಣುತ್ತದೆ. ಪ್ಲಾಸ್ಮಾ ಎಲ್ಲಿ ಜೋರಾಗಿತ್ತು ಎಂಬುದರ ನಕ್ಷೆ ಅದು.

ಪಲ್ಸಿನ ಏರುಪೇರು ಸರಿಮಾಡಲು ಒಟ್ಟು ಬೆಳಕಿನಿಂದ ಭಾಗಿಸುವವರಿದ್ದಾರೆ. ಭಾಗಿಸಿ, ಆದರೆ ಭಾಗಿಸುವ ಮುಂಚಿನ ಚಿತ್ರವನ್ನೂ ಪಕ್ಕದಲ್ಲಿಟ್ಟು ನೋಡಿ. ಕಲ್ಲು ಮುಗಿದು ಎಪಾಕ್ಸಿ ಶುರುವಾಗುವ ಅಂಚಿನಲ್ಲಿ ಒಟ್ಟು ಬೆಳಕು ಕುಸಿಯುತ್ತದೆ. ಚಿಕ್ಕ ಸಂಖ್ಯೆಯಿಂದ ಭಾಗಿಸಿದಾಗ ಅಂಚಿನ ಸುತ್ತ ಇಲ್ಲದ ಧಾತುವಿನ ಹೊಳೆಯುವ ಉಂಗುರ ಮೂಡುತ್ತದೆ. ಭಾಗಿಸಿದ ಮೇಲೆ ಮಾತ್ರ ಕಾಣುವ ಯಾವ ಆಕಾರವನ್ನೂ ನಂಬಬೇಡಿ. ಬಣ್ಣದ ಅಳತೆಪಟ್ಟಿಯನ್ನು ಸಾಫ್ಟ್‌ವೇರಿನ ಆಟೋಗೆ ಬಿಡಬೇಡಿ, ಏಕೆಂದರೆ ಬರೀ ಗದ್ದಲವನ್ನೂ (ನಾಯ್ಸ್) ಅದು ಕೆಂಪು-ಹಳದಿಯಾಗಿ ಹಿಗ್ಗಿಸಿ ತೋರಿಸುತ್ತದೆ.

ಹಂತ 7. ಓದುವುದು

ಕ್ಯಾಲ್ಸಿಯಂ ಇದೆ, ರಂಜಕ ಇಲ್ಲ: ಕ್ಯಾಲ್ಸಿಯಂ ಆಕ್ಸಲೇಟ್ ಇರಬಹುದು. ಎರಡೂ ಒಂದೇ ಜಾಗದಲ್ಲಿವೆ: ಅಪಟೈಟ್ ಜಾತಿಯ ಕ್ಯಾಲ್ಸಿಯಂ ಫಾಸ್ಫೇಟ್. ಮೆಗ್ನೀಸಿಯಂ ಮತ್ತು ರಂಜಕ ಜೋರಾಗಿವೆ, ಕ್ಯಾಲ್ಸಿಯಂ ಕಡಿಮೆ: ಸ್ಟ್ರೂವೈಟ್. ಇದು ಯೂರಿಯಾ ಒಡೆಯುವ ಬ್ಯಾಕ್ಟೀರಿಯಾದ ಸೋಂಕಿನ ಜೊತೆ ಬರುವ ಕಲ್ಲು, ಡಾಕ್ಟರಿಗೆ ಮುಖ್ಯ ಸುದ್ದಿ. ಲೋಹಗಳೇ ಇಲ್ಲ, ಕಾರ್ಬನ್ ಮಾತ್ರ ಇದೆ: ಯೂರಿಕ್ ಆಸಿಡ್ ಇರಬಹುದು, ಆದರೆ ಎಪಾಕ್ಸಿಯೂ ಹಾಗೇ ಕಾಣುತ್ತದೆ, ಆದ್ದರಿಂದ ಆ ಚುಕ್ಕೆಯನ್ನು ಮೈಕ್ರೋಸ್ಕೋಪ್ ಚಿತ್ರದ ಜೊತೆ ಇಟ್ಟು ನೋಡಿ.

ಈಗ ಅಂಟಿಕೊಂಡಿದ್ದ ಆ ತಗ್ಗಿನ ಹತ್ತಿರ ನೋಡಿ. ಸುತ್ತಲೂ ಬರೀ ಆಕ್ಸಲೇಟ್, ಅಲ್ಲಿ ಮಾತ್ರ ರಂಜಕದ ಸಣ್ಣ ಮಚ್ಚೆ ಇದ್ದರೆ ಅದು ರ‍್ಯಾಂಡಲ್ ಪ್ಲಾಕಿನ ಗುರುತಿರಬಹುದು. ಕಿಡ್ನಿಯ ಒಳಗೋಡೆಯಲ್ಲಿ ಮೊದಲು ಕ್ಯಾಲ್ಸಿಯಂ ಫಾಸ್ಫೇಟ್ ಕೂತು, ಅದರ ಮೇಲೆ ಆಕ್ಸಲೇಟ್ ಬೆಳೆದ ಕಲ್ಲು ಅದು. ಪುಡಿ ಮಾಡಿದ್ದರೆ ಆ ಮಚ್ಚೆ ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಇಷ್ಟು ಕಷ್ಟಪಟ್ಟು ನಕ್ಷೆ ತೆಗೆಯುವುದು ಇಂಥ ಒಂದು ಚುಕ್ಕೆಗಾಗಿಯೇ ಎಂಬುದು ನನ್ನ ನಂಬಿಕೆ.

ಎರಡು ಮಿತಿ ನೆನಪಿರಲಿ. ಮೊದಲನೆಯದು, ಲಿಬ್ಸ್ ಧಾತು ಹೇಳುತ್ತದೆ, ಸಂಯುಕ್ತ ಹೇಳುವುದಿಲ್ಲ. ಆಕ್ಸಲೇಟಿನ ಎರಡು ರೂಪಗಳು, ಅಂದರೆ ಒಂದು ನೀರಿನ ಅಣು ಇರುವುದು ಮತ್ತು ಎರಡು ಇರುವುದು, ಇದಕ್ಕೆ ಒಂದೇ. ಅದನ್ನು ಬಿಡಿಸಲು ಅಣುಗಳನ್ನೇ ಗುರುತಿಸುವ ಎಫ್‌ಟಿಐಆರ್ (ಇನ್‌ಫ್ರಾರೆಡ್) ಅಥವಾ ರಾಮನ್ ಸ್ಪೆಕ್ಟ್ರೋಸ್ಕೋಪಿ ಬೇಕು. ಎರಡನೆಯದು, ಹೊಳಪು ಎಂದರೆ ಪ್ರಮಾಣ ಅಲ್ಲ. ಗಟ್ಟಿ ಪದರದಿಂದಲೂ ಪುಡಿಪುಡಿಯಾದ ಪದರದಿಂದಲೂ ಒಂದೇ ಪಲ್ಸ್ ಬೇರೆ ಬೇರೆ ಪ್ರಮಾಣದ ವಸ್ತು ಕೀಳುತ್ತದೆ. ಇದಕ್ಕೆ ಮ್ಯಾಟ್ರಿಕ್ಸ್ ಪರಿಣಾಮ ಎನ್ನುತ್ತಾರೆ. ಅಂಕಿ ಬೇಕೇ ಬೇಕು ಎಂದರೆ ಕ್ಯಾಲ್ಸಿಯಂ ಆಕ್ಸಲೇಟ್ ಪುಡಿಗೆ ಗೊತ್ತಿರುವ ಪ್ರಮಾಣದ ಸ್ಟ್ರಾನ್ಷಿಯಂ ಅಥವಾ ಮೆಗ್ನೀಸಿಯಂ ಬೆರೆಸಿ ಬಿಲ್ಲೆಗಳನ್ನು ಮಾಡಿ, ಅವುಗಳಿಂದ ಗ್ರಾಫ್ ಎಳೆಯಿರಿ. ಆಕ್ಸಲೇಟ್ ಗ್ರಾಫನ್ನು ಫಾಸ್ಫೇಟ್ ಪದರಕ್ಕೆ ಹಾಕಬೇಡಿ.

ಟಿಶ್ಯೂಗೆ ಹೋಗುವವರಿಗೆ

ಫ್ರಾನ್ಸಿನ ಲಿಯೋನ್‌ನ ಸಂಶೋಧಕರು 2014ರಲ್ಲಿ ಇಲಿಯ ಕಿಡ್ನಿಯಲ್ಲಿ ಗಡೊಲಿನಿಯಂ ನ್ಯಾನೋಕಣಗಳು ಎಲ್ಲಿ ಸೇರುತ್ತವೆ ಎಂಬುದರ ನಕ್ಷೆಯನ್ನು ಹೀಗೇ ತೆಗೆದು ತೋರಿಸಿದರು. ಆಮೇಲೆ ಪೆಥಾಲಜಿಯ ಪ್ಯಾರಾಫಿನ್ ಬ್ಲಾಕುಗಳಲ್ಲಿ, ಅಂದರೆ ಮೇಣದಲ್ಲಿ ಕೂರಿಸಿದ ಟಿಶ್ಯೂನಲ್ಲಿ, ಹೊರಗಿನಿಂದ ಸೇರಿದ ಲೋಹಗಳನ್ನೂ ಈ ವಿಧಾನದಿಂದ ಹುಡುಕಿದ್ದಾರೆ. ನಿಮಗೂ ಬ್ಲಾಕೇ ಸುಲಭ. ಗಾಜಿನ ಸ್ಲೈಡಿನ ಮೇಲಿನ ತೆಳು ಪದರಕ್ಕೆ ಹೊಡೆದರೆ ಲೇಸರ್ ಗಾಜಿಗೂ ತಾಗುತ್ತದೆ, ಗಾಜಿನ ಸೋಡಿಯಂ, ಕ್ಯಾಲ್ಸಿಯಂ, ಸಿಲಿಕಾನ್ ಎಲ್ಲ ಬರುತ್ತವೆ. ಬಣ್ಣ ಹಾಕಿದ ಸ್ಲೈಡಂತೂ ಬೇಡವೇ ಬೇಡ, ಏಕೆಂದರೆ ಹಿಮಟಾಕ್ಸಿಲಿನ್ ಬಣ್ಣದಲ್ಲಿ ಪಟಿಕದ ಅಲ್ಯೂಮಿನಿಯಂ ಇದೆ. ಪಕ್ಕದ ಪದರವನ್ನು ಬಣ್ಣ ಹಾಕಿಸಿ ಹೋಲಿಕೆಗೆ ಇಟ್ಟುಕೊಳ್ಳಿ.

ಬ್ಲಾಕಿನಲ್ಲಿ ಸೋಡಿಯಂ, ಪೊಟ್ಯಾಸಿಯಂ ಹುಡುಕಬೇಡಿ. ಫಾರ್ಮಾಲಿನ್, ಆಲ್ಕೋಹಾಲ್‌ನಲ್ಲಿ ಅವು ತೊಳೆದುಹೋಗಿರುತ್ತವೆ. ಅವು ಬೇಕೆಂದರೆ ಹೆಪ್ಪುಗಟ್ಟಿಸಿದ ಟಿಶ್ಯೂ ಬೇಕು. ಟಿಶ್ಯೂವನ್ನು ತೆಳುವಾಗಿ ಕತ್ತರಿಸುವ ಮೈಕ್ರೋಟೋಮಿನ ಸ್ಟೀಲ್ ಬ್ಲೇಡಿನಿಂದ ಕಬ್ಬಿಣ, ಕ್ರೋಮಿಯಂ ಗೀರುಗಳು ಉಳಿಯಬಹುದು. ಗೀರು ಬ್ಲೇಡ್ ಎಳೆದ ದಿಕ್ಕಿಗೇ ನೇರವಾಗಿರುತ್ತದೆ, ಅದರಿಂದಲೇ ಗುರುತು ಹಿಡಿಯಬಹುದು. ಪೌಡರ್ ಇರುವ ಗ್ಲೌಸ್ ಬಳಸಬೇಡಿ. ಟಿಶ್ಯೂ ಇಲ್ಲದ ಬರೀ ಮೇಣದ ಜಾಗವೂ ಸ್ಕ್ಯಾನ್ ಚೌಕಟ್ಟಿನಲ್ಲಿ ಸ್ವಲ್ಪ ಇರಲಿ. ಅಲ್ಲೂ ನಿಮ್ಮ ಧಾತು ಕಂಡರೆ ಅದು ರೋಗಿಯಿಂದ ಬಂದದ್ದಲ್ಲ.

ಡಾಕ್ಟರಿಗೆ ಚಿತ್ರ ಕೊಡುವಾಗ ನಾಲ್ಕು ಸಂಗತಿ ಜೊತೆಗಿರಲಿ: ಮೈಕ್ರೋಸ್ಕೋಪ್ ಫೋಟೋ, ಅಳತೆಯ ಗೆರೆ, ಯಾವ ತರಂಗಾಂತರದಿಂದ ಮಾಡಿದ್ದು ಎಂಬುದು, ಆ ಧಾತು ಎಷ್ಟು ಕಡಿಮೆ ಇದ್ದರೆ ನಿಮ್ಮ ಉಪಕರಣಕ್ಕೆ ಕಾಣುವುದಿಲ್ಲ ಎಂಬುದು. ಕೊನೆಯದನ್ನು ಜನ ಬಿಟ್ಟುಬಿಡುತ್ತಾರೆ. ಚಿಕಿತ್ಸೆ ನಿರ್ಧರಿಸುವವರು ಮೊದಲು ಕೇಳುವುದು ಅದನ್ನೇ. ಕಚ್ಚಾ ಸ್ಪೆಕ್ಟ್ರಮ್ ಫೈಲುಗಳನ್ನು ಅಳಿಸಬೇಡಿ. ಚುಕ್ಕೆಗೆ 2,048 ಬೆಲೆಗಳಿದ್ದರೆ 19,200 ಚುಕ್ಕೆಯ ನಕ್ಷೆಗೆ 80 ಎಂಬಿಯ ಆಸುಪಾಸು ಆಗುತ್ತದೆ, ಒಂದು ಪೆನ್‌ಡ್ರೈವಿಗೆ ಅದೇನೂ ಭಾರವಲ್ಲ.